ತಾಯಿಯ ಊಟ, ಕೂಸಿನ ತೂಕ



ಬಸುರಿ ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಆಕೆಯ ಊಟವನ್ನು ಕಡಿಮೆ ಮಾಡಿಸುವ ರೂಢಿ ದಕ್ಷಿಣದ ಹಳ್ಳಿಗಳಲ್ಲಿ ಬಹುಕಾಲದಿಂದ ಉಂಟು. ಹಾಗೆ ಹೇಳುವ ಅತ್ತೆಗೆ ಸೊಸೆಯ ಮೇಲೆ ಅಕ್ಕರೆಯೇ ಹೊರತು ದ್ವೇಷವಿಲ್ಲ. ಆದರೆ ನಷ್ಟ ಕೂಸಿಗೆ.

ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ಇರುವ ಶಿಶುವನ್ನು ವೈದ್ಯರು ಕಡಿಮೆ ತೂಕದ ಮಗು ಎನ್ನುತ್ತಾರೆ. ಅದರ ಮೈ ಬೇಗ ತಣ್ಣಗಾಗುತ್ತದೆ, ಹಾಲು ಚೀಪಲು ಶಕ್ತಿ ಸಾಲದು, ಸೋಂಕು ಸುಲಭವಾಗಿ ತಗಲುತ್ತದೆ. ತೊಂದರೆ ಅಲ್ಲಿಗೇ ಮುಗಿಯುವುದೂ ಇಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ ಹಿಂದೆ ಪ್ರತಿ ಶಿಶುವಿನ ತೂಕವನ್ನೂ ಬರೆದಿಡುತ್ತಿದ್ದರು. ಅಲ್ಲಿ 1934ರಿಂದ 1954ರವರೆಗೆ ಜನಿಸಿದವರಲ್ಲಿ 517 ಮಂದಿಯನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕವಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. 3.1 ಕಿಲೋಗಿಂತ ಮೇಲಿದ್ದವರಲ್ಲಿ 3 ಮಂದಿಗೆ ಮಾತ್ರ. ತಾಯಿಯೂ 45 ಕಿಲೋಗಿಂತ ಕಡಿಮೆಯಿದ್ದಲ್ಲಿ ಆ ಲೆಕ್ಕ 20ಕ್ಕೇರಿತು. ಈ ಅಧ್ಯಯನ ಪ್ರಕಟವಾದದ್ದು 1996ರಲ್ಲಿ.

ಹಿಂದೂಪುರ, ಕಲ್ಯಾಣದುರ್ಗಗಳು ಮಳೆ ಕಡಿಮೆಯ ಸೀಮೆ, ನಿಜ. ಆದರೂ ಬಸುರಿಗೆ ಬೇಕಾದ ರಾಗಿ, ಹುರುಳಿ, ಕಡಲೆಕಾಯಿ ಇಲ್ಲಿಯ ಹೊಲದಲ್ಲೇ ಬೆಳೆಯುತ್ತವೆ. ನುಗ್ಗೆಸೊಪ್ಪು ಹಿತ್ತಲಲ್ಲೇ ಸಿಗುತ್ತದೆ. ಬೆಳೆದ ಕಡಲೆಕಾಯಿಯೆಲ್ಲ ಮಂಡಿಗೆ ಹೋಗಿ, ಬಸುರಿಯ ಪಾಲಿಗೆ ಒಂದು ಹಿಡಿಯೂ ಉಳಿಯದಿದ್ದರೆ ಅದೆಂಥ ಬೇಸಾಯ! ಮನೆಮಂದಿಯೆಲ್ಲ ಉಂಡ ಮೇಲೆ ತಳದಲ್ಲಿ ಉಳಿದುದನ್ನು ಆಕೆ ಉಣ್ಣುವ ಪದ್ಧತಿಯೂ ಹೋಗಬೇಕು. ಬಸುರಿ ದಿನಕ್ಕೆ ಒಂದು ಹೊತ್ತು ಹೆಚ್ಚಾಗಿಯೇ ಉಣ್ಣಬೇಕು. ಆಸ್ಪತ್ರೆಯವರು ಕೊಡುವ ಕಬ್ಬಿಣದ ಮಾತ್ರೆಯನ್ನು ತಪ್ಪದೆ ನುಂಗಬೇಕು. ಊಟದೊಡನೆ ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತದು.

ಹೆರಿಗೆಯಾದೊಡನೆ ಬರುವ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವವರಿದ್ದಾರೆ. ರೋಗಗಳಿಂದ ಕೂಸನ್ನು ಕಾಯುವುದು ಅದೇ ಹಾಲು. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು; ಸಕ್ಕರೆ ನೀರು, ಜೇನುತುಪ್ಪ ಬೇಡ. ಆಮೇಲೆ ಎದೆಹಾಲಿನ ಜೊತೆಗೆ ಗಟ್ಟಿಯಾದ ರಾಗಿ ಸರಿ, ಮೆತ್ತಗೆ ಬೆಂದ ಬೇಳೆ, ಮೇಲೊಂದು ಚಮಚ ಎಣ್ಣೆ ಅಥವಾ ತುಪ್ಪ. ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆ. ತೆಳ್ಳನೆಯ ಗಂಜಿಯಿಂದ ಹೊಟ್ಟೆ ತುಂಬೀತು, ಮೈ ತುಂಬದು.

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಮಗುವಿನ ತೂಕ ನೋಡಿಸಿರಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಮೇಲ್ದೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ದೃಷ್ಟಿ ತೆಗೆಯುವುದಾದರೆ ತೆಗೆಯಿರಿ, ಅಂದೇ ಆಸ್ಪತ್ರೆಗೂ ಕರೆದೊಯ್ಯಿರಿ.