ಸೂರ್ಯಕಾಂತಿಯ ಬೇರಿಗಂಟಿದ ಕಳೆ: ನಿರೋಧಕ ತಳಿಯೊಂದೇ ಸಾಕೇ?

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ನಡೆದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನಲ್ಲಿ ಕುಳಿತು ಸೂರ್ಯಕಾಂತಿಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅದು ಬಯಲುಸೀಮೆಯ ಬೆಳೆ. ನಮ್ಮ ಮನೆಗಳಿಗೆ ಬರುವುದು ಎಣ್ಣೆಯ ರೂಪದಲ್ಲಿ. ಆದರೂ ಈ ಬೆಳೆಗೂ ಅದರ ಬೇರಿಗಂಟಿದ ಒಂದು ಕಳೆಗೂ ನೂರು ವರ್ಷಗಳಿಗೂ ಮೀರಿ ನಡೆದಿರುವ ಹೋರಾಟದಲ್ಲಿ, ಕಾಡಿನಂಚಿನಲ್ಲಿ ಬದುಕುವ ನಾವು ತಿಳಿಯಲೇಬೇಕಾದ ಸಂಗತಿಯೊಂದಿದೆ.

ಬಂದಳಿಕೆಯನ್ನು ನೀವೆಲ್ಲ ಬಲ್ಲಿರಿ. ಮಾವಿನ ಕೊಂಬೆಗೆ ಬೇರಿಳಿಸಿ ರಸ ಹೀರುವ ಆ ಗಿಡಕ್ಕೆ ಹಸಿರೆಲೆಯಾದರೂ ಇದೆ. ತನ್ನ ಆಹಾರದ ಒಂದು ಪಾಲನ್ನು ಬಿಸಿಲಿನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಸೂರ್ಯಕಾಂತಿಯ ಶತ್ರುವಾದ ಒರೊಬಾಂಕೆ ಕುಮಾನ ಎಂಬ ಕಳೆಗೆ ಅದೂ ಇಲ್ಲ. ಹರಿತ್ತಿಲ್ಲದ ಈ ಸಸ್ಯ ನೀರು, ಲವಣ, ಸಕ್ಕರೆ ಎಲ್ಲವನ್ನೂ ಆಸರೆ ಗಿಡದ ಬೇರಿನಿಂದಲೇ ಕಸಿಯುತ್ತದೆ. ಅದು ಮಣ್ಣಿನ ಮೇಲೆ ತಲೆಯೆತ್ತುವ ಹೊತ್ತಿಗೆ ಕೆಳಗೆ ಹಾನಿ ಆಗಿಹೋಗಿರುತ್ತದೆ. ಆದ್ದರಿಂದ ಇದನ್ನು ಕಿತ್ತೆಸೆದು ಬೆಳೆ ಉಳಿಸಿಕೊಳ್ಳುವುದು ಕಷ್ಟ. ಬಾಧೆ ತೀವ್ರವಾದಾಗ ಅರ್ಧಕ್ಕಿಂತ ಹೆಚ್ಚು ಇಳುವರಿ ನಷ್ಟವಾಗುತ್ತದೆ. ಕೆಲವೊಮ್ಮೆ ಇಡೀ ಬೆಳೆಯೇ ಕೈತಪ್ಪುತ್ತದೆ.

ಇದರ ಬೀಜ ಧೂಳಿನ ಕಣದಷ್ಟು ಸಣ್ಣದು. ಒಂದೊಂದು ಗಿಡ ಹತ್ತಾರು ಸಾವಿರ ಬೀಜಗಳನ್ನು ಉದುರಿಸುತ್ತದೆ. ಅವು ಗಾಳಿ, ನೀರು, ಕೃಷಿಯಂತ್ರಗಳಿಗೆ ಅಂಟಿದ ಮಣ್ಣು ಹಾಗೂ ಬಿತ್ತನೆ ಬೀಜದೊಡನೆ ಹರಡುತ್ತವೆ. ಮಣ್ಣಿನಲ್ಲಿ ಸುಮಾರು 20 ವರ್ಷ ಜೀವ ಹಿಡಿದುಕೊಂಡಿರಬಲ್ಲವು. ಆದರೆ ಮೊಳೆಯಬೇಕಾದರೆ ಹತ್ತಿರದಲ್ಲೇ ಬೇರೊಂದು ಇದೆ ಎಂಬ ಸುಳಿವು ಬೇಕು. ಸೂರ್ಯಕಾಂತಿಯ ಬೇರು ಮಣ್ಣಿಗೆ ಬಿಡುವ ಕೆಲವು ರಾಸಾಯನಿಕಗಳೇ ಆ ಸುಳಿವು. ಮೊಳಕೆ ಬೇರನ್ನು ಮುಟ್ಟಿ, ಒಳಹೊಕ್ಕು, ಅದರ ಆಹಾರನಾಳಗಳಿಗೆ ಕೊಂಡಿ ಹಾಕಿಕೊಳ್ಳುತ್ತದೆ.

ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. 19ನೆಯ ಶತಮಾನದಲ್ಲಿ ರಷ್ಯಾದಲ್ಲಿ ಅದು ಎಣ್ಣೆಬೆಳೆಯಾಗಿ ವಿಸ್ತಾರವಾಗಿ ಹಬ್ಬಿತು. ಅಲ್ಲಿನ ಹುಲ್ಲುಗಾವಲುಗಳಲ್ಲಿ ಈ ಕಳೆ ನಮ್ಮ ಮಾಚಿಪತ್ರೆಯ ಬಳಗದ ಕಾಡುಗಿಡಗಳ ಮೇಲೆ ಬದುಕಿತ್ತು. ಎಕರೆಗಟ್ಟಲೆ ಒಂದೇ ಬೆಳೆ ಎದುರಿಗೆ ಬಂದಾಗ, ಆ ಶತಮಾನದ ಕೊನೆಯ ಹೊತ್ತಿಗೆ ಸೂರ್ಯಕಾಂತಿಗೆ ದಾಟಿಕೊಂಡಿತು. ಕಳೆ ಎಲ್ಲಿಂದಲೋ ಆಮದಾದದ್ದಲ್ಲ. ಏಕಬೆಳೆ ಅದಕ್ಕೆ ಹೊಸ ಮನೆ ಒದಗಿಸಿತು.

ತಳಿವಿಜ್ಞಾನಿಗಳು ಕೈಕಟ್ಟಿ ಕೂರಲಿಲ್ಲ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ರಷ್ಯಾದ ಸರಟೋವ್‌ನಲ್ಲಿ ಈ ಕಳೆಗೆ ಮಣಿಯದ ತಳಿಗಳನ್ನು ಆಯ್ದು ಬೆಳೆಸಿದರು. ರೈತರು ನಿಟ್ಟುಸಿರು ಬಿಡುವಷ್ಟರಲ್ಲೇ ಆ ತಳಿಗಳನ್ನೂ ಮುರಿಯುವ ಕಳೆಯ ಹೊಸ ಪಂಗಡ ಕಾಣಿಸಿಕೊಂಡಿತು. ಹಳೆಯದನ್ನು 'ಎ' ಎಂದೂ ಹೊಸದನ್ನು 'ಬಿ' ಎಂದೂ ಕರೆದರು. 'ಬಿ'ಗೆ ಎದುರಾಗಿ ಮತ್ತೆ ಹೊಸ ತಳಿಗಳು ಬಂದವು. 1980ರಲ್ಲಿ ರೊಮೇನಿಯಾದ ವ್ರಂಚ್ಯಾನು ಮತ್ತು ಸಂಗಡಿಗರು 'ಎ'ಯಿಂದ 'ಇ'ವರೆಗಿನ ಐದು ಪಂಗಡಗಳನ್ನೂ, ಅವನ್ನು ತಡೆಯುವ ಸೂರ್ಯಕಾಂತಿಯ ಐದು ವಂಶವಾಹಿಗಳನ್ನೂ ಗುರುತಿಸಿ ವಿವರಿಸಿದರು.

ಇಲ್ಲಿ ವಿದ್ಯಾರ್ಥಿಗಳು ಒಂದು ಅಂಶ ಗಮನಿಸಬೇಕು. ಈ ವಂಶವಾಹಿಗಳು ಪ್ರಬಲ ಸ್ವಭಾವದವು. ಸಂಕರಣ ತಳಿಯ ತಂದೆ-ತಾಯಿಯರಲ್ಲಿ ಒಬ್ಬರಲ್ಲಿದ್ದರೂ ಮಗುವಿಗೆ ರಕ್ಷಣೆ ದೊರೆಯುತ್ತದೆ. ಆದ್ದರಿಂದಲೇ ನಿರೋಧಕ ಸಂಕರಣ ತಳಿಗಳನ್ನು ಬೇಗ ಸಿದ್ಧಪಡಿಸಲು ಸಾಧ್ಯವಾಯಿತು. ಆದರೆ ಲಕ್ಷಾಂತರ ಎಕರೆಯಲ್ಲಿ ಒಂದೇ ವಂಶವಾಹಿ ಕಾವಲಿಗೆ ನಿಂತರೆ, ಆ ಒಂದನ್ನು ದಾಟಬಲ್ಲ ಕಳೆಗಷ್ಟೇ ಉಳಿವು. ಅಂಥ ಕಳೆಯ ಬೀಜವೇ ಮರುವರ್ಷ ಹೊಲ ತುಂಬುತ್ತದೆ. 1990ರ ದಶಕದ ಮಧ್ಯದಲ್ಲಿ ಸ್ಪೇನಿನಲ್ಲಿ 'ಎಫ್' ಪಂಗಡ ಹೀಗೆಯೇ ಮೇಲೆದ್ದಿತು. ಆ ಬಳಿಕ ಕಪ್ಪು ಸಮುದ್ರದ ಸುತ್ತಲಿನ ನಾಡುಗಳಿಂದ 'ಜಿ' ಮತ್ತು ಅದರಾಚೆಯ ಪಂಗಡಗಳು ವರದಿಯಾಗಿವೆ.

2019ರಲ್ಲಿ ವಿಜ್ಞಾನಿಗಳು 'ಎಫ್'ಅನ್ನು ತಡೆಯುವ ಒಂದು ವಂಶವಾಹಿಯನ್ನು ಬೇರ್ಪಡಿಸಿ, ಅದರ ಕೆಲಸವನ್ನು ಬಿಡಿಸಿಟ್ಟರು. ಕಳೆ ಬೇರಿನ ಆಹಾರನಾಳಕ್ಕೆ ಕೊಂಡಿ ಹಾಕದಂತೆ ಅದು ತಡೆಯುತ್ತದೆ. ಇದು ದೊಡ್ಡ ಸಾಧನೆ. ಆದರೆ ಇದೂ ಒಂಟಿ ಕಾವಲುಗಾರನೇ.

ಮತ್ತೊಂದು ಮಾರ್ಗ ಕಳೆನಾಶಕದ್ದು. 1996ರಲ್ಲಿ ಅಮೆರಿಕದ ಕನ್ಸಾಸ್‌ನ ಸೋಯಾ ಹೊಲವೊಂದರಲ್ಲಿ, ಕಳೆನಾಶಕ ಸಿಂಪಡಿಸಿದರೂ ಸಾಯದ ಕಾಡು ಸೂರ್ಯಕಾಂತಿ ಕಂಡುಬಂದಿತು. ಆ ಗುಣವನ್ನು ಬೆಳೆಗೆ ತಂದು, ಸೂರ್ಯಕಾಂತಿಗೆ ತಗಲದಂತೆ ಬೇರಿನ ಮೇಲಿನ ಕಳೆಯನ್ನು ಕೊಲ್ಲುವ ಪದ್ಧತಿ ರೂಢಿಗೆ ಬಂತು. ಅದು ಕೆಲಸ ಮಾಡುತ್ತದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ರೈತ ಬೀಜವನ್ನೂ ಅದಕ್ಕೆ ಹೊಂದುವ ಔಷಧವನ್ನೂ ಕೊಳ್ಳಬೇಕಾಗುತ್ತದೆ. ಮಣ್ಣಿನಲ್ಲುಳಿದ ಶೇಷ ಮುಂದಿನ ಬೆಳೆಯನ್ನು ಬಾಧಿಸಬಹುದು. ಕಳೆನಾಶಕಕ್ಕೆ ಕಾಡುಗಿಡ ಒಗ್ಗಿಕೊಳ್ಳುತ್ತದೆ ಎಂಬುದಕ್ಕೆ ಕನ್ಸಾಸ್‌ನ ಆ ಗಿಡವೇ ಸಾಕ್ಷಿಯಲ್ಲವೇ?

ಹಾಗಾದರೆ ದಾರಿಯೇನು? ನಿರೋಧಕ ತಳಿ ಬೇಡವೆಂದು ನಾನು ಹೇಳುತ್ತಿಲ್ಲ, ಬೇಕು. ಅದರ ಆಯುಷ್ಯ ಹೆಚ್ಚಿಸುವುದು ಬೇಸಾಯದ ಕ್ರಮದಿಂದ ಎಂಬುದಷ್ಟೇ ನನ್ನ ಮಾತು. ಒಂದೇ ತಳಿಯಲ್ಲಿ ಹಲವು ಬಗೆಯ ನಿರೋಧಕ ಗುಣಗಳನ್ನು ಜೋಡಿಸಬೇಕು. ಒಂದೇ ಹೊಲದಲ್ಲಿ ಸೂರ್ಯಕಾಂತಿಯನ್ನು ಮೇಲಿಂದ ಮೇಲೆ ಬೆಳೆಯದೆ ಬೆಳೆ ಬದಲಾಯಿಸಬೇಕು. ಮೆಕ್ಕೆಜೋಳದಂಥ ಬೆಳೆಯ ಬೇರು ಈ ಕಳೆಯ ಬೀಜವನ್ನು ಮೊಳೆಯಿಸುತ್ತದೆ, ಆದರೆ ಆಸರೆ ಕೊಡುವುದಿಲ್ಲ; ಮೊಳೆತದ್ದು ಹಸಿದು ಸಾಯುತ್ತದೆ. ಮೊದಲ ನಾಲ್ಕು ಗಿಡ ಕಂಡಾಗಲೇ ಬೀಜ ಕಟ್ಟುವ ಮುನ್ನ ಕಿತ್ತು ಸುಡಬೇಕು. ಆ ವರ್ಷದ ಬೆಳೆಗೆ ಅದರಿಂದ ಪ್ರಯೋಜನವಾಗದಿದ್ದರೂ ಮುಂದಿನ ವರ್ಷಗಳ ಹೊಲ ಉಳಿಯುತ್ತದೆ.

ಈ ಮಾತು ನಮ್ಮ ನಾಡಿಗೂ ದೂರದ್ದಲ್ಲ. ಬಯಲುಸೀಮೆಯ ಜೋಳ ಮತ್ತು ಕಬ್ಬಿನ ಬೇರಿಗೆ ಸ್ಟ್ರೈಗಾ ಎಂಬ ಪರಾವಲಂಬಿ ಅಂಟುತ್ತದೆ. ಒರೊಬಾಂಕೆಯ ಹತ್ತಿರದ ಸಂಬಂಧಿಯೊಂದು ಹೊಗೆಸೊಪ್ಪು, ಟೊಮೆಟೊಗಳನ್ನು ಕಾಡುತ್ತದೆ. ಸ್ಟ್ರೈಗಾಕ್ಕೆ ಮಣಿಯದ ಜೋಳದ ತಳಿಗಳನ್ನು ರೂಪಿಸಿದ ಇಥಿಯೋಪಿಯಾ ಮೂಲದ ವಿಜ್ಞಾನಿ ಗೆಬಿಸಾ ಎಜೆಟಾ ಅವರಿಗೆ 2009ರಲ್ಲಿ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು.

ಕೊನೆಯದಾಗಿ, ಮಲೆನಾಡಿಗರಾದ ನಮಗೆ ಸಂಬಂಧಿಸಿದ ಮಾತು. ಸೂರ್ಯಕಾಂತಿಗೆ ಹೊಸ ನಿರೋಧಕ ಗುಣ ಬೇಕಾದಾಗಲೆಲ್ಲ ವಿಜ್ಞಾನಿಗಳು ಅದರ ಕಾಡುಬಂಧುಗಳ ಕಡೆಗೆ ಮುಖಮಾಡಿದ್ದಾರೆ. ರಸ್ತೆಬದಿಯಲ್ಲಿ, ಬಂಜರಿನಲ್ಲಿ ಯಾರೂ ಬಿತ್ತದೆ ಬೆಳೆಯುವ ಗಿಡಗಳವು. ಸೂರ್ಯಕಾಂತಿಗೆ ಅಮೆರಿಕದ ಬಯಲು ಹೇಗೋ, ಕರಿಮೆಣಸಿಗೆ ನಮ್ಮ ಪಶ್ಚಿಮಘಟ್ಟ ಹಾಗೆ. ಕಾಡಿನಲ್ಲಿ ತಾನಾಗಿ ಹಬ್ಬಿದ ಮೆಣಸಿನ ಬಳ್ಳಿಗೆ ಇಂದು ಬೆಲೆಯಿಲ್ಲದಿರಬಹುದು. ನಾಳೆ ತೋಟಕ್ಕೆ ಹೊಸ ರೋಗ ಬಂದಾಗ ಅದಕ್ಕೆ ಬೇಕಾದ ಗುಣ ಅದರಲ್ಲೇ ಇರಬಹುದು. ಅದು ನಿಂತಿರುವ ಕಾಡನ್ನು ಕಡಿದ ಮೇಲೆ ಯಾವ ಪ್ರಯೋಗಾಲಯವೂ ಅದನ್ನು ಮರಳಿ ಸೃಷ್ಟಿಸಲಾರದು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಊರಿನ ಹಿರಿಯರೊಡನೆ ಕುಳಿತು, ಅಲ್ಲಿರುವ ಕಾಡುಮೆಣಸು, ಹಳೆಯ ಭತ್ತದ ತಳಿ, ಅಪ್ಪೆಮಿಡಿಯ ಮರಗಳನ್ನು ಪಟ್ಟಿ ಮಾಡಿರಿ. ಎಲ್ಲಿವೆ, ಯಾವ ಗುಣದವು, ಯಾರು ಉಳಿಸಿದ್ದಾರೆ ಎಂದು ಬರೆದಿಡಿರಿ. ಸಂರಕ್ಷಣೆಯ ಕೆಲಸ ಆ ಪಟ್ಟಿಯಿಂದ ಆರಂಭವಾಗಲಿ.