ಅರೆಬರೆ ತಿಳಿವಳಿಕೆಯ ಅಪಾಯ
(ಊರ್ಡಿಗೆರೆಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ನಮ್ಮ ಸಮುದಾಯದ ಯುವಕನೊಬ್ಬ ದಾರಿ ತಪ್ಪಿದ ಸುದ್ದಿ ಬಂದಾಗಲೆಲ್ಲ ಟಿ.ವಿ.ಯಲ್ಲಿ ಒಂದೇ ಮಾತು: ಧರ್ಮ ಹೆಚ್ಚಾಯಿತು, ಮದ್ರಸಾ ಕೆಡಿಸಿತು. ನಿಜವೇ?

ಕ್ವಿಂಟನ್ ವಿಕ್ಟೊರೊವಿಚ್ ಎಂಬ ಅಮೆರಿಕದ ವಿದ್ವಾಂಸರಿದ್ದಾರೆ. ಮೊದಲು ಜೋರ್ಡಾನಿನ ಇಸ್ಲಾಮೀ ಸಂಘಟನೆಗಳ ಅಧ್ಯಯನ ಮಾಡಿದರು. ಬಳಿಕ ಲಂಡನ್ನಿಗೆ ಹೋಗಿ ಅಲ್ ಮುಹಾಜಿರೂನ್ ಎಂಬ ಉಗ್ರ ಗುಂಪಿನ ಯುವಕರನ್ನೇ ಮಾತಾಡಿಸಿದರು. 2005ರಲ್ಲಿ ಅವರ ಪುಸ್ತಕ ಬಂತು. ಆ ಗುಂಪನ್ನು ಬ್ರಿಟನ್ 2010ರಲ್ಲಿ ನಿಷೇಧಿಸಿತು. 2011ರಲ್ಲಿ ಇವರು ಶ್ವೇತಭವನದ ರಾಷ್ಟ್ರೀಯ ಭದ್ರತಾ ಮಂಡಳಿ ಸೇರಿದರು. ಅವರ ಸರಕಾರದ ಯುದ್ಧಗಳನ್ನು ನಾವು ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ಅವರು ಕಂಡದ್ದನ್ನು ಕೇಳಿ: ಆ ಗುಂಪಿಗೆ ಸೇರಿದವರಲ್ಲಿ ಹೆಚ್ಚಿನವರು ದೀನ್ ಕಲಿತು ಬೆಳೆದವರಲ್ಲ. ಅವಮಾನ, ತಾರತಮ್ಯ, ‘ನಾನು ಯಾರು’ ಎಂಬ ತಳಮಳ ಮೊದಲು. ಆಮೇಲೆ ಧರ್ಮದ ಹುಡುಕಾಟ. ಆಗ ಮೊದಲು ಕೈಗೆ ಸಿಕ್ಕ ಗುರುವೇ ಆ ಗುಂಪು. ಹೇಳಿದ್ದು ಸರಿಯೋ ತಪ್ಪೋ ಎಂದು ಅಳೆಯಲು ಅವರ ಬಳಿ ಅಳತೆಗೋಲೇ ಇರಲಿಲ್ಲ. ದೀನ್ ಚೆನ್ನಾಗಿ ಬಲ್ಲವರು ಆ ಬಲೆಗೆ ಸುಲಭವಾಗಿ ಬೀಳಲಿಲ್ಲ.

ಇದು ದೂರದ ಲಂಡನ್ನಿನ ಕತೆ ಎನ್ನಬೇಡಿ. 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದ ಕಫೀಲ್ ಅಹ್ಮದ್ ನಮ್ಮ ಬೆಂಗಳೂರಿನವನು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಹೆಚ್ಚಿನ ಓದಿಗೆ ಬ್ರಿಟನ್ನಿಗೆ ಹೋದವನು. ಸುಟ್ಟ ಗಾಯಗಳಿಂದ ಆಗಸ್ಟ್ 2ರಂದು ಸತ್ತ. ಬೆಲೆ ತೆತ್ತವರು ಇತರರೂ ಹೌದು. ಅವನ ಬಂಧು ಡಾಕ್ಟರ್ ಮುಹಮ್ಮದ್ ಹನೀಫ್ ಆಸ್ಟ್ರೇಲಿಯಾದ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದರು. ಒಂದು ಸಿಮ್ ಕಾರ್ಡ್ ಕೊಟ್ಟು ಬಂದದ್ದಕ್ಕೆ ಜೈಲು ಸೇರಿದರು. ಜುಲೈ 27ರಂದು ಆರೋಪ ಕೈಬಿಟ್ಟರು. ನಂತರದ ತನಿಖೆಯೂ ಅವರು ನಿರಪರಾಧಿ ಎಂದಿತು. ಮನೆಯವರು ಅನುಭವಿಸಿದ್ದನ್ನು ಯಾವ ಪರಿಹಾರ ತುಂಬೀತು?

ಖವಾರಿಜರ ಪ್ರಕರಣ ನೆನೆಯಿರಿ. ಅವರು ರಾತ್ರಿಯಿಡೀ ನಮಾಝ್ ಮಾಡುವವರು, ಹಣೆಯಲ್ಲಿ ಸಜ್ದಾದ ಗುರುತು. ಆದರೂ ಹ. ಅಲಿ(ರ)ಯವರನ್ನೇ ಕಾಫಿರ್ ಎಂದರು. ಹ. ಇಬ್ನ್ ಅಬ್ಬಾಸ್(ರ) ಯಮನಿನ ಒಳ್ಳೆಯ ಉಡುಪು ತೊಟ್ಟು ಅವರ ಶಿಬಿರಕ್ಕೇ ಹೋದರು. ಅವರು ಮೊದಲು ಉಡುಪಿನ ಮೇಲೇ ಆಕ್ಷೇಪ ಎತ್ತಿದರು! ಇವರು ಸಿಟ್ಟಾಗಲಿಲ್ಲ. ‘ನಿಮ್ಮ ದೂರುಗಳೇನು?’ ಎಂದು ಕೇಳಿದರು. ಮೂರು ದೂರು ಹೇಳಿದರು. ತೀರ್ಪಿಗೆ ಮನುಷ್ಯರನ್ನು ನೇಮಿಸಿದ್ದು ತಪ್ಪು ಎಂದಾಗ, ಗಂಡಹೆಂಡಿರ ಜಗಳಕ್ಕೂ ಮಧ್ಯಸ್ಥರನ್ನು ನೇಮಿಸಲು ಕುರ್‌ಆನ್ ಹೇಳಿರುವುದನ್ನು ತೋರಿಸಿದರು. ಅಲಿಯವರು ತಮ್ಮ ಬಿರುದು ಅಳಿಸಿದರು ಎಂದಾಗ, ಹುದೈಬಿಯಾದಲ್ಲಿ ಪ್ರವಾದಿ(ಸ)ಯವರೇ ಹಾಗೆ ಮಾಡಿದ್ದನ್ನು ನೆನಪಿಸಿದರು. ಸಾವಿರಾರು ಜನ ಮರಳಿ ಬಂದರು.

ನಮ್ಮ ಮನೆಗಳಲ್ಲಿ ಹುಡುಗ ಜಿಹಾದ್ ಎಂದರೇನು ಎಂದು ಕೇಳಿದರೆ ತಂದೆ ಹೆದರಿ ‘ಬಾಯಿ ಮುಚ್ಚು’ ಎನ್ನುತ್ತಾರೆ. ಹೆದರಿಕೆ ನಮಗೆ ಅರ್ಥವಾಗುತ್ತದೆ, ಕಾಲ ಹಾಗಿದೆ. ಆದರೆ ಬಾಯಿ ಮುಚ್ಚಿದ ಹುಡುಗ ಮೊಬೈಲ್ ತೆರೆಯುತ್ತಾನೆ. ಅಲ್ಲಿ ಉತ್ತರ ಕೊಡಲು ಯಾರೋ ಕಾದಿರುತ್ತಾನೆ.

ಇನ್ನು ಮುಂದೆ ಪ್ರತಿ ಶನಿವಾರ ಇಶಾ ನಮಾಝಿನ ಬಳಿಕ ನಾವು ಮಸೀದಿಯಲ್ಲೇ ಕುಳಿತಿರುತ್ತೇವೆ. ಕಾಲೇಜಿನ ಮಕ್ಕಳನ್ನು ಕಳಿಸಿ. ಯಾವ ಪ್ರಶ್ನೆಯನ್ನಾದರೂ ಕೇಳಲಿ, ಯಾರೂ ಗದರುವುದಿಲ್ಲ.