ಒಂದೇ ತೆರೆಯ ಒಂದು ವರ್ಷ

ಬಾನುಲಿಯಲ್ಲಿ ಕುಳಿತು ದೂರದರ್ಶನದ ವಿಚಾರವನ್ನೆತ್ತುವುದು ಅಣ್ಣನ ಮನೆಯಲ್ಲಿ ತಮ್ಮನ ಮಾತು ತೆಗೆದಂತೆ. ತಪ್ಪೇನಿಲ್ಲ, 1976ರ ವರೆಗೆ ಇಬ್ಬರದೂ ಒಂದೇ ಸಂಸಾರವಾಗಿತ್ತು.

ಆ ತಮ್ಮನ ಬಾಳಿನಲ್ಲಿ 1988 ವಿಲಕ್ಷಣವಾದ ವರ್ಷ. ಜನವರಿಯಲ್ಲಿ 'ತಮಸ್' ಬಂದಿತು. ಜುಲೈ 31ರಂದು ರಮಾನಂದ ಸಾಗರರ 'ರಾಮಾಯಣ' ಮುಗಿಯಿತು. ಅಕ್ಟೋಬರ್ 2ರಂದು ಬಿ. ಆರ್. ಚೋಪ್ರಾ ಅವರ 'ಮಹಾಭಾರತ' ಮೊದಲಾಯಿತು. ನವೆಂಬರಿನಲ್ಲಿ ಶ್ಯಾಮ್ ಬೆನೆಗಲ್ಲರ 'ಭಾರತ್ ಏಕ್ ಖೋಜ್'. ಕೆಲವು ಮಹಾನಗರಗಳನ್ನುಳಿದು ದೇಶಕ್ಕೆಲ್ಲ ಒಂದೇ ವಾಹಿನಿಯಿದ್ದ ಕಾಲವದು. ಬೇಡವೆಂದವನು ಪೆಟ್ಟಿಗೆಯನ್ನು ಆರಿಸಬಹುದಿತ್ತು. ಬೇರೊಂದು ಕಡೆಗೆ ತಿರುಗಿಸುವಂತಿರಲಿಲ್ಲ. ಆದುದರಿಂದಲೇ ಯಾವುದು ಬರಬೇಕು, ಯಾವುದು ನಿಲ್ಲಬೇಕು ಎಂಬುದು ಸಾಮಾನ್ಯವಾದ ಪ್ರಶ್ನೆಯಾಗಿರಲಿಲ್ಲ.

'ತಮಸ್' ನ್ಯಾಯಾಲಯದ ಮೆಟ್ಟಿಲೇರಿತು. ಭೀಷ್ಮ ಸಾಹನಿಯವರ ಕಾದಂಬರಿಯನ್ನು ಗೋವಿಂದ ನಿಹಲಾನಿಯವರು ಚಿತ್ರಿಸಿದ್ದರು. ವಸ್ತು, ದೇಶವಿಭಜನೆಯ ಹೊತ್ತಿನ ಗಲಭೆಗಳು. ಇದು ಮತ್ತೆ ಬೆಂಕಿ ಹಚ್ಚೀತೆಂದು ಆಕ್ಷೇಪಣೆ ಬಂದಾಗ ಮುಂಬಯಿ ಉಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ತಾವೇ ಕುಳಿತು ಅದನ್ನು ನೋಡಿ ಪ್ರಸಾರಕ್ಕೆ ಅನುಮತಿಯಿತ್ತರು. ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕೃತಿಯ ಪರಿಣಾಮವನ್ನು ಅಳೆಯಬೇಕಾದುದು ವಿವೇಕಿಯೂ ದೃಢಚಿತ್ತನೂ ಆದವನ ಕಣ್ಣಿನಿಂದ, ಚಂಚಲಚಿತ್ತನ ಕಣ್ಣಿನಿಂದಲ್ಲ ಎಂಬುದು ಆ ತೀರ್ಪಿನ ತಿರುಳು. ಸಹೃದಯನೆಂದರೆ ಯಾರೆಂದು ಅಲಂಕಾರಶಾಸ್ತ್ರದ ತರಗತಿಯಲ್ಲಿ ವಿವರಿಸಬೇಕಾಗಿ ಬಂದಾಗಲೆಲ್ಲ ನನಗೆ ಈ ಮಾತು ನೆರವಾಗಿದೆ.

'ರಾಮಾಯಣ'ದ ಮುಕ್ತಾಯ ಇದಕ್ಕಿಂತ ಸ್ವಾರಸ್ಯಕರ. ಯುದ್ಧವಾಗಿ ಪಟ್ಟಾಭಿಷೇಕವಾದ ಮೇಲೆ ಕಥೆಯನ್ನು ನಿಲ್ಲಿಸುವುದೆಂದು ಗೊತ್ತಾಗಿತ್ತು. ಆಗ ಜಲಂಧರದ ಪೌರ ಶುಚಿಕಾರ್ಮಿಕರು ಮುಷ್ಕರ ಹೂಡಿದರು! ಅವರು ವಾಲ್ಮೀಕಿಯನ್ನು ಆರಾಧಿಸುವವರು. ಉತ್ತರಕಾಂಡವನ್ನು ಬಿಟ್ಟರೆ ಸೀತೆಗೆ ಆಶ್ರಯವಿತ್ತ, ಲವಕುಶರನ್ನು ಬೆಳೆಸಿದ ಅವರ ಮುನಿ ತೆರೆಯ ಮೇಲೆ ಬರುವುದೇ ಇಲ್ಲ. ಮುಷ್ಕರ ಬೇರೆ ಊರುಗಳಿಗೂ ಹಬ್ಬಿತು. ಅನಂತರ ಉತ್ತರ ರಾಮಾಯಣವೂ ಪ್ರಸಾರವಾಯಿತು. ಕೆಲವರು ಇದನ್ನು ಹಾಸ್ಯಮಾಡಿದರು. ನನಗೆ ಅದು ಹಾಸ್ಯವೆನಿಸಲಿಲ್ಲ. ಕಾವ್ಯವೆಲ್ಲಿ ಮುಗಿಯಬೇಕೆಂಬುದು ನಮ್ಮ ಕವಿಗಳನ್ನೂ ಕಾಡಿದ ಪ್ರಶ್ನೆಯೇ. ತೊರವೆಯ ನರಹರಿ ಯುದ್ಧಕಾಂಡಕ್ಕೇ ನಿಲ್ಲಿಸಿದ. ನಾಗಚಂದ್ರನಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಕುವೆಂಪು ಅವರಲ್ಲಿ ಸೀತೆಯೊಡನೆ ರಾಮನೂ ಅಗ್ನಿಯನ್ನು ಪ್ರವೇಶಿಸುತ್ತಾನೆ. ಇವುಗಳಲ್ಲೊಂದು ಹಿಡಿಸದವನಿಗೆ ಇನ್ನೊಂದಿತ್ತು. ತೆರೆಯ ರಾಮಾಯಣ ಹಿಡಿಸದವನಿಗೆ ಅದೇ ಹೊತ್ತಿನಲ್ಲಿ ಇನ್ನೊಂದು ತೆರೆಯಿರಲಿಲ್ಲ. ಆ ಕಾರ್ಮಿಕರು ಬೇಡಿದ್ದು ಕಥೆಯೊಳಗೆ ತಮ್ಮವನೊಬ್ಬನಿಗೆ ಸ್ಥಾನವನ್ನು.

'ಮಹಾಭಾರತ'ದ ಸಂಭಾಷಣೆಯನ್ನು ಬರೆದವರು 'ಆಧಾ ಗಾಂವ್' ಕಾದಂಬರಿಯ ಕರ್ತೃ ರಾಹೀ ಮಾಸೂಮ್ ರಜಾ. ಕಥೆಯನ್ನು ಹೇಳಲು ಅಲ್ಲಿ ವೈಶಂಪಾಯನನಿಲ್ಲ, ಸೂತನಿಲ್ಲ, ಕಾಲವೇ ಮಾತನಾಡುತ್ತದೆ. ಇದು ಕವಿಗೆ ತಕ್ಕ ಯೋಜನೆ. ಆದರೂ ಗಮಕಿಯ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿ ಬೆಳೆದವರಿಗೆ ಒಂದು ಕೊರತೆ ತೋರದಿರದು. ವಾಚನದ ನಡುವೆ ವ್ಯಾಖ್ಯಾನಕಾರ ನಿಲ್ಲುತ್ತಾನೆ, ಊರಿನ ಉದಾಹರಣೆ ಕೊಡುತ್ತಾನೆ, ಹಿಂದಿನ ಸಾಲಿನ ಮುದುಕನೊಬ್ಬ ಅಡ್ಡ ಪ್ರಶ್ನೆ ಹಾಕುತ್ತಾನೆ. ತೆರೆಯ ಮೇಲಿನ ಕಾಲಪುರುಷ ಯಾರಿಗೂ ಕಾಯುವವನಲ್ಲ. ಪುರಾಣದ ಕಟ್ಟೆಯ ಮೇಲೆ ಪ್ರೇಕ್ಷಕನಿಗಿದ್ದ ಆ ಅಧಿಕಾರ ಇಲ್ಲಿ ಸಿಗಬೇಕಾದರೆ ಮುಷ್ಕರವನ್ನೇ ಹೂಡಬೇಕಾಯಿತು.

'ಭಾರತ್ ಏಕ್ ಖೋಜ್' ನೆಹರೂ ಅವರು ಅಹಮದ್‌ನಗರದ ಕೋಟೆಯ ಸೆರೆಯಲ್ಲಿ ಬರೆದ ಗ್ರಂಥವನ್ನು ಆಧರಿಸಿ 53 ಕಂತುಗಳಲ್ಲಿ ನಡೆಯಿತು. ಅಲ್ಲಿ ಎರಡು ಮಹಾಕಾವ್ಯಗಳೂ ಇತಿಹಾಸದ ಕೆಲವು ಪುಟಗಳಾಗಿ ಬಂದುಹೋದುವು. ಹೀಗೆ ಒಂದೇ ತೆರೆ ಅದೇ ಕಾಲದಲ್ಲಿ ಎರಡು ಬಗೆಯ ಮಹಾಭಾರತವನ್ನು ತೋರಿಸಿತು; ವ್ಯತ್ಯಾಸವನ್ನು ಚರ್ಚಿಸಿದವರು ಮಾತ್ರ ವಿರಳ.

ಚೋಪ್ರಾ ಅವರ ಕೃತಿ 94 ಕಂತುಗಳಾಗಿ 1990ರ ಜೂನ್ 24ರಂದು ಮುಗಿಯಿತು. ಎರಡು ವರ್ಷಗಳೊಳಗೆ ಉಪಗ್ರಹ ವಾಹಿನಿಗಳು ಮನೆಗಳನ್ನು ಹೊಕ್ಕವು.